ಬೆಳಗಿನ ಜಾವದ ಓದು: ಪ್ರೌಢಶಾಲೆಗಳಲ್ಲಿ ನಿದ್ರೆ ಮತ್ತು ಜೀವಲಯದ ಬೋಧನೆ

೧

ವಿದ್ಯಾರ್ಥಿಯಾದವನು ಬೆಳಗಿನ ಜಾವದಲ್ಲಿ ಎದ್ದು ಓದಬೇಕೆಂಬುದು ಕನ್ನಡ ನಾಡಿನಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಮಾತು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸುತ್ತಿದ್ದಂತೆ ಈ ಮಾತು ಆಜ್ಞೆಯ ರೂಪವನ್ನು ತಾಳುತ್ತದೆ. ಬೀದರ ನಗರ, ಬಗದಲ್, ಭಾಲ್ಕಿ, ಔರಾದ ಮೊದಲಾದ ಊರುಗಳ ಮನೆಗಳೂ ಇದಕ್ಕೆ ಹೊರತಲ್ಲ. ತಾಯಿ ನಸುಕಿನಲ್ಲಿ ದೀಪವನ್ನು ಹಾಕಿ ಮಗನನ್ನೋ ಮಗಳನ್ನೋ ಎಬ್ಬಿಸುತ್ತಾಳೆ. ಮಗು ಪುಸ್ತಕವನ್ನು ತೆರೆದಿಟ್ಟುಕೊಂಡು ತೂಕಡಿಸುತ್ತದೆ. ಅದೇ ಮಗು ಹಗಲಿನಲ್ಲಿ ತರಗತಿಯೊಳಗೆ ತೂಕಡಿಸಿದರೆ ಸೋಮಾರಿಯೆನಿಸಿಕೊಂಡು ಎದ್ದು ನಿಲ್ಲಬೇಕಾಗುತ್ತದೆ.

ಬೇಗ ಏಳಬೇಕೆಂಬ ವಿಧಿಗೆ ಶಾಸ್ತ್ರದ ಬೆಂಬಲವೂ ಉಂಟು. ಸ್ವಸ್ಥನಾದವನು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ವಾಗ್ಭಟನ ಅಷ್ಟಾಂಗಹೃದಯವು ವಿಧಿಸುತ್ತದೆ. ಸೂರ್ಯೋದಯಕ್ಕೆ ೯೬ ನಿಮಿಷ ಮೊದಲು ಆರಂಭವಾಗಿ ೪೮ ನಿಮಿಷ ಮೊದಲು ಮುಗಿಯುವ ಕಾಲವೇ ಈ ಮುಹೂರ್ತ. ಮಾರ್ಚಿ ತಿಂಗಳ ಕಡೆಯ ವಾರದಲ್ಲಿ ಬೀದರದಲ್ಲಿ ಸೂರ್ಯನು ಸುಮಾರು ೬ ಗಂಟೆ ೨೦ ನಿಮಿಷಕ್ಕೆ ಉದಯಿಸುವುದರಿಂದ, ಗಡಿಯಾರದ ಲೆಕ್ಕದಲ್ಲಿ ಅದು ೪ ಗಂಟೆ ೪೪ ನಿಮಿಷದಿಂದ ಸುಮಾರು ಐದೂವರೆಯವರೆಗೆ ಬರುತ್ತದೆ. ಆದರೆ ಅದೇ ಆಯುರ್ವೇದ ಪರಂಪರೆಯ ಚರಕಸಂಹಿತೆಯು ಶರೀರವನ್ನು ಹೊತ್ತು ನಿಲ್ಲುವ ಮೂರು ಉಪಸ್ತಂಭಗಳಲ್ಲಿ ಆಹಾರದ ಜೊತೆಗೆ ನಿದ್ರೆಯನ್ನೂ ಎಣಿಸಿದೆಯೆಂಬುದನ್ನು ಮರೆಯುವಂತಿಲ್ಲ. ಕತ್ತಲಾದ ಮೇಲೆ ಎಣ್ಣೆಯ ದೀಪವೊಂದನ್ನುಳಿದು ಬೇರೆ ಬೆಳಕಿಲ್ಲದಿದ್ದ ಕಾಲದಲ್ಲಿ ಬೇಗ ಮಲಗೆಂದು ಬೇರೆಯಾಗಿ ಹೇಳುವ ಅಗತ್ಯ ಅಷ್ಟಾಗಿ ಇರಲಿಲ್ಲ. ಆದುದರಿಂದ ಹಳೆಯ ನಿಯಮದ ಒಂದು ಅರ್ಧ ಮಾತಿನಲ್ಲಿತ್ತು, ಇನ್ನೊಂದು ಅರ್ಧ ಇರುಳಿನಲ್ಲಿಯೇ ಅಡಗಿತ್ತು. ಇಂದು ಮಾತು ಉಳಿದಿದೆ. ಆ ಇರುಳು ಉಳಿದಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳುವ ಬಾಲಕನಿಗೆ ದೊರೆಯುವುದು ಹೆಚ್ಚೆಂದರೆ ಆರು ಗಂಟೆಗಳ ನಿದ್ರೆ. ೧೩ರಿಂದ ೧೮ ವರ್ಷದವರಿಗೆ ದಿನಕ್ಕೆ ೮ರಿಂದ ೧೦ ಗಂಟೆಗಳ ನಿದ್ರೆ ಬೇಕೆಂಬುದು ಅಮೆರಿಕದ ನಿದ್ರಾವೈದ್ಯ ಪರಿಷತ್ತು ೨೦೧೬ರಲ್ಲಿ ಪ್ರಕಟಿಸಿದ ಅಭಿಮತ.

ಹೀಗಿರಲು, ನಿದ್ರೆಯೆಂದರೇನು, ಅದು ಯಾವ ನಿಯಮಕ್ಕೆ ಒಳಪಟ್ಟಿದೆ, ಕಲಿಕೆಗೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ಪಾಠವಾಗಿ ಬೋಧಿಸುವುದು ಅವಶ್ಯವೆಂದು ತೋರುತ್ತದೆ. ಈ ಬೋಧನೆಯು ವಿಜ್ಞಾನದ ಉಪಾಧ್ಯಾಯರೊಬ್ಬರ ಕಾರ್ಯವಲ್ಲ, ಭಾಷೆಯ ಉಪಾಧ್ಯಾಯರದೂ ಹೌದು ಎಂಬುದು ಮುಂದಿನ ವಿವರಣೆಯಿಂದ ವ್ಯಕ್ತವಾಗುವುದು.

೨

ಬೀದರ ಸೀಮೆಯಲ್ಲಿ ಈ ಪಾಠವನ್ನು ಸೂರ್ಯನಿಂದಲೇ ಆರಂಭಿಸಬಹುದು. ೧೪೭೨ರಲ್ಲಿ ಬಹಮನೀ ರಾಜ್ಯದ ಮಂತ್ರಿ ಮಹಮೂದ್ ಗವಾನನು ಬೀದರದಲ್ಲಿ ಕಟ್ಟಿಸಿದ ಮದರಸಾದಲ್ಲಿ ಉಪನ್ಯಾಸಮಂದಿರಗಳು, ಪುಸ್ತಕಭಂಡಾರ ಮತ್ತು ಮಸೀದಿಯೊಡನೆ ಆಚಾರ್ಯರೂ ವಿದ್ಯಾರ್ಥಿಗಳೂ ವಾಸಿಸುವ ಕೋಣೆಗಳಿದ್ದವು. ನಮಾಜಿನ ಐದು ವೇಳೆಗಳನ್ನೂ ನಿರ್ಣಯಿಸುವುದು ಸೂರ್ಯನ ಗತಿ. ಉದಯಕ್ಕೆ ಮುಂಚಿನ ಪ್ರಾರ್ಥನೆಯಿಂದ ತೊಡಗಿ ಸಂಧ್ಯಾರಾಗವು ಅಡಗಿದ ಮೇಲಿನ ಪ್ರಾರ್ಥನೆಯವರೆಗೆ ಆ ದಿನವು ಆಕಾಶಕ್ಕೆ ಕಟ್ಟಿದ ದಿನ. ಚಳಿಗಾಲದಲ್ಲಿ ಕುಗ್ಗುವ, ಬೇಸಗೆಯಲ್ಲಿ ಹಿಗ್ಗುವ ದಿನ. ಬೀದರದ ಅತಿ ದೀರ್ಘವಾದ ಹಗಲು ೧೩ ಗಂಟೆ ೧೦ ನಿಮಿಷಗಳಷ್ಟು, ಅತಿ ಹ್ರಸ್ವವಾದುದು ೧೧ ಗಂಟೆಗಳಿಗೆ ತುಸು ಹೆಚ್ಚು.

ಇಂದಿನ ಶಾಲೆಯ ಗಂಟೆಯಾದರೋ ಬೇರೊಂದು ಸೂರ್ಯನನ್ನು ಅನುಸರಿಸುತ್ತದೆ. ೧೯೦೬ರ ಜನವರಿ ೧ರಿಂದ ಜಾರಿಗೆ ಬಂದ ಭಾರತೀಯ ಪ್ರಮಾಣಕಾಲವು ೮೨½ ಅಂಶ ಪೂರ್ವ ರೇಖಾಂಶದ ಮೇಲೆ ನಿಂತಿದೆ. ಬೀದರವು ಸುಮಾರು ೭೭½ ಅಂಶದಲ್ಲಿರುವುದರಿಂದ, ಒಂದು ಅಂಶಕ್ಕೆ ೪ ನಿಮಿಷದಂತೆ, ಅಲ್ಲಿಯ ಸೂರ್ಯನು ಗಡಿಯಾರಕ್ಕಿಂತ ೨೦ ನಿಮಿಷ ಹಿಂದಿರುತ್ತಾನೆ. ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು ನೆರಳನ್ನು ಅಳೆದರೆ ಇದು ಪ್ರತ್ಯಕ್ಷವಾಗುತ್ತದೆ. ನೆರಳು ಅತ್ಯಂತ ಚಿಕ್ಕದಾಗುವ ಹೊತ್ತು ನವೆಂಬರಿನ ಆರಂಭದಲ್ಲಿ ೧೨ ಗಂಟೆ ೪ ನಿಮಿಷದ ಸುಮಾರಿಗೂ, ಫೆಬ್ರುವರಿಯ ನಡುವೆ ೧೨ ಗಂಟೆ ೩೪ ನಿಮಿಷದ ಸುಮಾರಿಗೂ ಬರುವುದು. ವರ್ಷದೊಳಗಿನ ಈ ಏರಿಳಿತಕ್ಕೆ ಭೂಮಿಯ ಕಕ್ಷೆಯ ಆಕಾರವೂ ಅದರ ಅಕ್ಷದ ಓರೆಯೂ ಕಾರಣ. ಸರಾಸರಿಯ ೨೦ ನಿಮಿಷಕ್ಕೆ ಮಾತ್ರ ಪ್ರಮಾಣಕಾಲವೇ ಕಾರಣ.

ಈ ವ್ಯತ್ಯಾಸವು ನಿರ್ಲಕ್ಷಿಸತಕ್ಕದ್ದಲ್ಲ. ಭಾರತದಂತಹ ವಿಶಾಲವಾದ ದೇಶಕ್ಕೆ ಒಂದೇ ಪ್ರಮಾಣಕಾಲವಿರುವುದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿಯವರು ಪರಿಶೀಲಿಸಿದ್ದಾರೆ. ಸೂರ್ಯಾಸ್ತ ತಡವಾಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ. ಆದರೆ ಶಾಲೆಯ ವೇಳೆ ಸ್ಥಿರವಾಗಿರುವುದರಿಂದ ತಡವಾಗಿ ಏಳಲಾರರು. ಹೀಗೆ ಕಳೆದುಹೋದ ನಿದ್ರೆಯು ಅವರ ವಿದ್ಯಾಭ್ಯಾಸವನ್ನೂ ಕುಂದಿಸುತ್ತದೆ ಎಂಬುದು ಅವರ ನಿರ್ಣಯದ ಸಾರ.

೩

ಸೂರ್ಯನಿಗೂ ಪ್ರಾಣಿಗಳ ನಿದ್ರೆಗೂ ಇರುವ ನಂಟು ಕೇವಲ ಬೆಳಕು ಕತ್ತಲೆಗಳದೇ, ಅಥವಾ ದೇಹದ ಒಳಗೇ ಒಂದು ಕಾಲಮಾಪಕವಿದೆಯೆ? ಈ ಪ್ರಶ್ನೆಗೆ ಮೊದಲ ಉತ್ತರ ದೊರೆತುದು ಗಿಡಗಳಿಂದ. ಹುಣಸೆಯ ಎಲೆಗಳು ರಾತ್ರಿ ಮುಚ್ಚಿಕೊಂಡು ಹಗಲು ತೆರೆಯುವುದನ್ನು ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನ ಕಡೆಯ ಆಂಡ್ರೋಸ್ಥೆನೀಸನು ಬರೆದಿಟ್ಟನು. ಬೀದರದ ಹೊಲದ ಬದುಗಳಲ್ಲಿ ಹುಣಸೆಯ ಮರಕ್ಕೆ ಅಭಾವವಿಲ್ಲ. ಅದು ನಿದ್ದೆ ಹೋಗುವುದನ್ನು ಹಳ್ಳಿಯ ಮಗು ಅರಿತೇ ಇರುತ್ತದೆ. ೧೭೨೯ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿದ್ವಾಂಸನ ಪ್ರಯೋಗವು ಪ್ರಕಟವಾಯಿತು. ಮುಟ್ಟಿದರೆಮುನಿಯಂತಹ ಗಿಡವನ್ನು ಕತ್ತಲೆಯಲ್ಲಿಟ್ಟರೂ ಅದರ ಎಲೆಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುತ್ತಿದ್ದವು. ಬೆಳಕಿಲ್ಲದೆಯೂ ಕಾಲವನ್ನು ಎಣಿಸುವ ಶಕ್ತಿಯು ಗಿಡದೊಳಗೇ ಇದೆಯೆಂದು ಇದರಿಂದ ಸೂಚಿತವಾಯಿತು.

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಕಲ್ಪಿಸಿದವರಲ್ಲಿ ಎಂ. ಕೆ. ಚಂದ್ರಶೇಖರನ್ ಅಗ್ರಗಣ್ಯರು. ಮಧುರೆಯಲ್ಲಿ ಅವರೂ ಅವರ ಸಹೋದ್ಯೋಗಿಗಳೂ ೧೯೮೧ರಲ್ಲಿ ಪ್ರಕಟಿಸಿದ ಶೋಧನೆಯು ಗುಹೆಯ ಬಾವಲಿಗಳನ್ನು ಕುರಿತದ್ದು. ಕತ್ತಲೆಯ ಗುಹೆಯಲ್ಲಿ ಬಂಧಿಸಿಟ್ಟ ಬಾವಲಿಯು ತನ್ನ ಬಳಗದ ಸ್ವತಂತ್ರ ಬಾವಲಿಗಳ ನಡುವೆ ಇರುವವರೆಗೆ ಅವುಗಳ ಹೋಗುಬರವಿಗೆ ಸರಿಯಾಗಿ ತನ್ನ ದಿನವನ್ನು ಹೊಂದಿಸಿಕೊಳ್ಳುತ್ತದೆ. ಒಂಟಿಯಾಗಿ ಇಟ್ಟರೆ ಅದರ ದಿನವು ಹೊರಗಿನ ದಿನದಿಂದ ಮೆಲ್ಲಮೆಲ್ಲನೆ ಸರಿದುಹೋಗುತ್ತದೆ. ಬೆಳಕಿನಂತೆ ಸಹವಾಸವೂ ಜೀವಗಡಿಯಾರವನ್ನು ತಿದ್ದಬಲ್ಲುದೆಂಬುದು ಇದರ ತಾತ್ಪರ್ಯ. ಮನೆಯವರೆಲ್ಲ ಎಚ್ಚರವಾಗಿರುವಾಗ ಮಗುವೊಂದನ್ನೇ ಮಲಗೆಂದು ಗದರಿಸಿ ಫಲವೇನೆಂದು ಯೋಚಿಸಲು ಈ ಬಾವಲಿಯ ವೃತ್ತಾಂತವು ಎಡೆಗೊಡುತ್ತದೆ.

ಇನ್ನೊಂದು ಪ್ರಯೋಗವು ಕರ್ನಾಟಕದ್ದೇ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ವಿಜಯಕುಮಾರ ಶರ್ಮಾ ಮತ್ತು ಅವರ ಶಿಷ್ಯರು ಹಣ್ಣಿನ ನೊಣಗಳನ್ನು ಅನೇಕ ಪೀಳಿಗೆಗಳವರೆಗೆ ಸಾಕಿದರು. ಕೋಶದಿಂದ ಬೆಳಿಗ್ಗೆ ಹೊರಬಂದ ನೊಣಗಳಿಂದ ಒಂದು ವಂಶವನ್ನೂ, ಸಂಜೆ ಹೊರಬಂದವುಗಳಿಂದ ಇನ್ನೊಂದು ವಂಶವನ್ನೂ ಬೆಳೆಸಿದರು. ಪೀಳಿಗೆಗಳು ಸಾಗಿದಂತೆ ಒಂದು ವಂಶವು ಮುಂಜಾವಿನದಾಗಿಯೂ ಇನ್ನೊಂದು ಸಂಜೆಯದಾಗಿಯೂ ಬೇರ್ಪಟ್ಟವು. ಮೊದಲನೆಯದರ ಒಳಗಡಿಯಾರದ ಸುತ್ತು ಹ್ರಸ್ವವಾಯಿತು, ಎರಡನೆಯದರದು ದೀರ್ಘವಾಯಿತು. ಬೇಗ ಏಳುವುದೂ ತಡವಾಗಿ ಏಳುವುದೂ ಭಾಗಶಃ ಹುಟ್ಟಿನಿಂದ ಬಂದ ಗುಣವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ. ಅದೇ ನೊಣದಲ್ಲಿ ಜೀವಗಡಿಯಾರದ ಅಣುರೂಪದ ಯಂತ್ರವನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

೪

ಮನುಷ್ಯನಲ್ಲಿ ಈ ಗಡಿಯಾರದ ಸ್ಥಾನವು ೧೯೭೨ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ಗೊತ್ತಾಯಿತು. ಮೆದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಎಡೆಗೆ ತುಸು ಮೇಲೆ, ಸುಮಾರು ೨೦,೦೦೦ ನರಕೋಶಗಳ ಒಂದು ಜೋಡಿಗುಂಪು ಅದು. ಹೊರಗಿನ ಸೂಚನೆಯಿಲ್ಲದಿದ್ದರೆ ಮನುಷ್ಯನಲ್ಲಿ ಅದರ ಸುತ್ತು ಸರಾಸರಿ ೨೪ ಗಂಟೆಗಳಿಗಿಂತ ಹತ್ತು ಹನ್ನೊಂದು ನಿಮಿಷ ಹೆಚ್ಚೆಂದು ೧೯೯೯ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಿಂದ ತಿಳಿದುಬಂದಿತು. ಈ ಹೆಚ್ಚಳವನ್ನು ಪ್ರತಿದಿನವೂ ತಿದ್ದುವುದು ಕಣ್ಣಿನ ಮೂಲಕ ಬರುವ ಬೆಳಕು. ಮುಂಜಾನೆಯ ಬೆಳಕು ಗಡಿಯಾರವನ್ನು ಮುಂದಕ್ಕೂ, ರಾತ್ರಿಯ ಬೆಳಕು ಹಿಂದಕ್ಕೂ ತಳ್ಳುತ್ತದೆ. ಕತ್ತಲಾದಾಗ ದೇಹದಲ್ಲಿ ಸ್ರವಿಸಿ ರಾತ್ರಿಯ ಆಗಮನವನ್ನು ಸಾರುವ ಮೆಲಟೋನಿನ್ ಎಂಬ ರಸವನ್ನು ದೀಪದ ಬೆಳಕು, ಅದರಲ್ಲಿಯೂ ನೀಲಿಯ ಅಂಶ ಹೆಚ್ಚಾಗಿರುವ ಬೆಳಕು, ತಡೆಯುತ್ತದೆ. ಕೈಯಲ್ಲಿ ಹಿಡಿದು ನೋಡುವ ಮೊಬೈಲಿನ ಪರದೆಯಲ್ಲಿ ಈ ಅಂಶವುಂಟು. ಬೆಳಕಿಗಿಂತ ಹೆಚ್ಚಾಗಿ ಮನಸ್ಸನ್ನು ಬಿಡದೆ ಹಿಡಿಯುವ ಗುಣವೂ ಉಂಟು.

ನಿದ್ರೆಯನ್ನು ಆಳುವುದು ಈ ಗಡಿಯಾರವೊಂದೇ ಅಲ್ಲ. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೊರ್ಬೆಲಿ ೧೯೮೨ರಲ್ಲಿ ಪ್ರತಿಪಾದಿಸಿದಂತೆ ಶಕ್ತಿಗಳು ಎರಡು. ಎಚ್ಚರವಿದ್ದಷ್ಟು ಹೊತ್ತೂ ಏರುತ್ತ ಹೋಗಿ ಮಲಗಿದಾಗ ಇಳಿಯುವ ನಿದ್ರಾಭಾರವು ಒಂದು. ಹೊತ್ತನ್ನು ನಿರ್ಣಯಿಸುವ ಜೀವಲಯವು ಇನ್ನೊಂದು. ತಲೆಯ ಮೇಲಿನ ಹೊರೆಯು ನಡೆದಷ್ಟೂ ಭಾರವೆನಿಸುವಂತೆ ಮೊದಲನೆಯದು. ಹೊರೆಯಿಳಿಸುವ ಕಟ್ಟೆಯು ಎಲ್ಲಿ ಬರುವುದೆಂಬುದನ್ನು ಗೊತ್ತುಮಾಡುವುದು ಎರಡನೆಯದು. ಹೊರೆಗಲ್ಲನ್ನು ಕಂಡ ಹಳ್ಳಿಯ ಮಕ್ಕಳಿಗೆ ಈ ಹೋಲಿಕೆಯು ಸುಲಭವಾಗಿ ತಿಳಿಯುತ್ತದೆ.

ಪ್ರಾಯಕ್ಕೆ ಬರುವಾಗ ಈ ಎರಡರಲ್ಲಿಯೂ ಮಾರ್ಪಾಟಾಗುತ್ತದೆ. ಅಮೆರಿಕದ ಮೇರಿ ಕಾರ್ಸ್‌ಕಾಡನ್ ಮತ್ತು ಅವರ ಸಹೋದ್ಯೋಗಿಗಳು ೧೯೯೩ರಲ್ಲಿ, ಮಕ್ಕಳ ದೇಹ ಬೆಳೆದು ಪ್ರೌಢವಾದಂತೆ ಅವರ ಒಲವು ಸಂಜೆಯ ಕಡೆಗೆ ಸರಿಯುವುದನ್ನು ತೋರಿಸಿದರು. ನಿದ್ರಾಭಾರವು ಕೂಡ ಆ ವಯಸ್ಸಿನಲ್ಲಿ ನಿಧಾನವಾಗಿ ಏರುತ್ತದೆಂದು ಮುಂದಿನ ಶೋಧನೆಗಳಿಂದ ತಿಳಿಯಿತು. ಹತ್ತು ವರ್ಷದವನಾಗಿದ್ದಾಗ ಊಟವಾದ ಕೂಡಲೆ ಮಲಗುತ್ತಿದ್ದ ಬಾಲಕನಿಗೆ ಹದಿನೈದರಲ್ಲಿ ಹತ್ತೂವರೆಯಾದರೂ ಕಣ್ಣು ಹತ್ತದಿರುವುದು ಹಟದಿಂದಲ್ಲ. ಈ ಒಲವು ಇಪ್ಪತ್ತರ ಆಸುಪಾಸಿನಲ್ಲಿ ತುದಿಮುಟ್ಟಿ ಆಮೇಲೆ ಹಿಂದಿರುಗುತ್ತದೆ. ಆದುದರಿಂದ ತಾನು ಸಹಜವಾಗಿ ಐದಕ್ಕೆ ಏಳುವ ಐವತ್ತರ ಉಪಾಧ್ಯಾಯನು ಹದಿನೈದರ ಶಿಷ್ಯನನ್ನು ತನ್ನ ಅಳತೆಯಿಂದಲೇ ಅಳೆಯುವುದು ನ್ಯಾಯವಾಗದು.

ಈ ಅರಿವಿನಿಂದಲೇ ಅಮೆರಿಕದ ಮಕ್ಕಳ ವೈದ್ಯರ ಸಂಘವು ೨೦೧೪ರಲ್ಲಿ ಪ್ರೌಢಶಾಲೆಗಳು ಬೆಳಿಗ್ಗೆ ಎಂಟೂವರೆಗೆ ಮೊದಲು ಆರಂಭವಾಗಬಾರದೆಂದು ಸೂಚಿಸಿತು. ಬೀದರದ ನೆರೆಯ ಮಹಾರಾಷ್ಟ್ರದಲ್ಲಿ ೨೦೨೪ರ ಫೆಬ್ರುವರಿಯಲ್ಲಿ ಸರ್ಕಾರವು ನಾಲ್ಕನೆಯ ತರಗತಿಯವರೆಗಿನ ಮಕ್ಕಳ ಶಾಲೆಗಳು ಒಂಬತ್ತಕ್ಕೆ ಮುಂಚೆ ಆರಂಭವಾಗಬಾರದೆಂದು ಆಜ್ಞೆಮಾಡಿತು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳು, ಶನಿವಾರದ ಬೆಳಗಿನ ಶಾಲೆಯನ್ನು ಬಿಟ್ಟರೆ, ಸಾಮಾನ್ಯವಾಗಿ ಹತ್ತು ಗಂಟೆಯ ಸುಮಾರಿಗೆ ತೊಡಗುತ್ತವೆ. ಬೇರೆ ದೇಶಗಳು ಕಾನೂನಿನಿಂದ ಗಳಿಸಬೇಕಾದ ಸೌಕರ್ಯವು ಇಲ್ಲಿ ಮೊದಲಿನಿಂದಲೂ ಇದೆ. ನಸುಕಿನ ವಿಶೇಷ ತರಗತಿಗಳೂ ಎಬ್ಬಿಸುವ ಕರೆಗಳೂ ಆ ಸೌಕರ್ಯವನ್ನು ಕೈಯಾರೆ ಕಳೆಯುತ್ತವೆ.

೫

ನಿದ್ರೆಯಿಂದ ಕಲಿಕೆಗೆ ಆಗುವ ಪ್ರಯೋಜನವು ಆಯಾಸಪರಿಹಾರ ಮಾತ್ರವಲ್ಲ. ೧೯೨೪ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. ಎಂಟು ಗಂಟೆ ಎಚ್ಚರವಾಗಿದ್ದು ಹೇಳಿಸಿದಾಗ ಹತ್ತರಲ್ಲಿ ಒಂದರಷ್ಟು ಉಳಿದಿದ್ದರೆ, ಎಂಟು ಗಂಟೆ ನಿದ್ರಿಸಿ ಹೇಳಿಸಿದಾಗ ಅರ್ಧಕ್ಕೂ ಮಿಗಿಲಾಗಿ ಉಳಿದಿತ್ತು. ನಿದ್ರೆಯು ಹೊಸ ಅನುಭವಗಳ ನುಗ್ಗಾಟದಿಂದ ಕಲಿತುದನ್ನು ಕಾಯುತ್ತದೆಯೆಂದು ಆಗ ಭಾವಿಸಲಾಯಿತು. ೧೯೯೪ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್, ಹಗಲು ಇಲಿಯು ಓಡಾಡಿದಾಗ ಒಡಗೂಡಿ ಕೆಲಸಮಾಡಿದ ನರಕೋಶಗಳು ಅದರ ಗಾಢನಿದ್ರೆಯಲ್ಲಿ ಮತ್ತೆ ಒಡಗೂಡಿ ಸ್ಪಂದಿಸುವುದನ್ನು ಕಂಡರು. ನಿದ್ರೆಯಲ್ಲಿ ಮೆದುಳು ಹಗಲಿನ ಪಾಠವನ್ನು ತಾನೇ ಪುನರಾವರ್ತಿಸುತ್ತದೆಂದು ಇದರ ಅರ್ಥ.

ಒಂದು ರಾತ್ರಿಯ ನಿದ್ರೆಯು ಏಕರೂಪವಾದುದಲ್ಲ. ಅದು ಸುಮಾರು ತೊಂಬತ್ತು ನಿಮಿಷಗಳ ಆವರ್ತಗಳಾಗಿ ಸಾಗುತ್ತದೆ. ಮೊದಲ ಆವರ್ತಗಳಲ್ಲಿ ಗಾಢನಿದ್ರೆಯು ಹೆಚ್ಚು. ಕಡೆಯವುಗಳಲ್ಲಿ, ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗಳು ಚಲಿಸುವ, ಕನಸುಗಳು ದಟ್ಟವಾಗಿ ಬೀಳುವ ನಿದ್ರೆಯು ಹೆಚ್ಚು. ಇದನ್ನು ೧೯೫೩ರಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. ತಡವಾಗಿ ಮಲಗಿದ ಮಗುವನ್ನು ನಾಲ್ಕೂವರೆಗೆ ಎಬ್ಬಿಸಿದರೆ ಎಲ್ಲ ಬಗೆಯ ನಿದ್ರೆಯೂ ಸಮವಾಗಿ ಕಡಿತವಾಗುವುದಿಲ್ಲ. ಈ ಕಡೆಯ ಪಾಲೇ ಬಹುಮಟ್ಟಿಗೆ ಕಳೆದುಹೋಗುತ್ತದೆ. ಪರೀಕ್ಷೆಯ ಮುನ್ನಾದಿನದ ರಾತ್ರಿ ಮಾತ್ರ ಚೆನ್ನಾಗಿ ಮಲಗಿದರೆ ಸಾಕೆಂಬ ನಂಬಿಕೆಯೂ ನಿಲ್ಲುವಂತಿಲ್ಲ. ೨೦೧೯ರಲ್ಲಿ ಮಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯ ೮೮ ವಿದ್ಯಾರ್ಥಿಗಳನ್ನು ಕುರಿತು ಪ್ರಕಟವಾದ ಪರಿಶೀಲನೆಯಲ್ಲಿ, ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ರೆಗೂ ಅಂಕಗಳಿಗೂ ಸಂಬಂಧ ಕಾಣಲಿಲ್ಲ. ಅದಕ್ಕೆ ಮೊದಲಿನ ದಿನವಾರಗಳಲ್ಲಿ ಕ್ರಮವಾಗಿಯೂ ಸಾಕಷ್ಟಾಗಿಯೂ ಮಲಗಿದವರ ಅಂಕಗಳು ಮೇಲಾಗಿದ್ದವು.

೬

ಈ ವಿಷಯವನ್ನು ಬೋಧಿಸುವಲ್ಲಿ ಉಪದೇಶಕ್ಕಿಂತ ಪರಿಶೀಲನೆಯೇ ಉತ್ತಮವಾದ ಮಾರ್ಗ. ಮೊದಲನೆಯದು ನೆರಳಿನ ಕೋಲು. ಎರಡನೆಯದು ಹುಣಸೆಯ ಸಸಿ. ಕುಂಡದಲ್ಲಿ ಬೆಳೆಸಿದ ಸಸಿಯೊಂದನ್ನು ಬೆಳಕು ನುಸುಳದ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದನ್ನು ಹೊರಗಿಟ್ಟು, ಎರಡು ಮೂರು ದಿನ ಎಲೆಗಳ ಚಲನೆಯನ್ನು ಬರೆದಿಡಬಹುದು. ಮೂರನೆಯದು ನಿದ್ರೆಯ ದಿನಚರಿ. ಮಲಗಿದ ಹೊತ್ತು, ನಿದ್ದೆ ಹತ್ತಿತೆಂದು ತೋರುವ ಹೊತ್ತು, ದೀಪವನ್ನೂ ಮೊಬೈಲನ್ನೂ ಆರಿಸಿದ ಹೊತ್ತು, ಎದ್ದ ಹೊತ್ತು, ಹಗಲಿನಲ್ಲಿ ತೂಕಡಿಕೆ ಬಂದ ಹೊತ್ತು ಎಂಬ ಐದು ಅಂಕಣಗಳಲ್ಲಿ ಹದಿನಾಲ್ಕು ದಿನ ಬರೆದರೆ, ರಜೆಯ ದಿನಕ್ಕೂ ಶಾಲೆಯ ದಿನಕ್ಕೂ ಇರುವ ಅಂತರವು ತಾನಾಗಿ ಕಾಣುತ್ತದೆ. ಭಾನುವಾರ ಎರಡು ಗಂಟೆ ಹೆಚ್ಚು ಮಲಗುವ ವಿದ್ಯಾರ್ಥಿಯು ವಾರವೆಲ್ಲ ಸಾಲಮಾಡಿದ್ದಾನೆಂದು ಆ ಲೆಕ್ಕವೇ ಹೇಳುತ್ತದೆ.

ನಾಲ್ಕನೆಯದು ಕನ್ನಡದ ಉಪಾಧ್ಯಾಯರಿಂದ ಆಗಬೇಕಾದುದು. ಅಷ್ಟೇ ಉದ್ದದ, ಅಷ್ಟೇ ಕಠಿಣವಾದ ಎರಡು ವಚನಗಳನ್ನು ಆರಿಸಿ, ಒಂದನ್ನು ಬೆಳಿಗ್ಗೆ ಎಂಟಕ್ಕೆ ಬಾಯಿಪಾಠ ಮಾಡಿಸಿ ಸಂಜೆ ಆರಕ್ಕೆ ಬರೆಯಿಸಬೇಕು. ಇನ್ನೊಂದನ್ನು ರಾತ್ರಿ ಒಂಬತ್ತಕ್ಕೆ ಕಲಿತು ಮಲಗಿ ಬೆಳಿಗ್ಗೆ ಏಳಕ್ಕೆ ಬರೆಯಬೇಕು. ನಡುವಣ ಕಾಲವು ಎರಡರಲ್ಲಿಯೂ ಹತ್ತು ಗಂಟೆ. ಮುಂದಿನ ವಾರ ಬೇರೆ ಎರಡು ವಚನಗಳನ್ನು ಕೊಟ್ಟು, ತರಗತಿಯ ಅರ್ಧ ಭಾಗಕ್ಕೆ ಒಂದು ಕ್ರಮವನ್ನೂ ಉಳಿದರ್ಧಕ್ಕೆ ಅದರ ವಿಪರ್ಯಯವನ್ನೂ ವಿಧಿಸಿದರೆ ವಚನದ ಸುಲಭತೆಯಿಂದ ಆಗುವ ಭ್ರಮೆಯು ತಪ್ಪುವುದು. ಸರಿಯಾಗಿ ಉಳಿದ ಪದಗಳನ್ನು ಎಣಿಸಿ ತರಗತಿಯೇ ತೀರ್ಮಾನಕ್ಕೆ ಬರಲಿ. ಫಲವು ನಿರೀಕ್ಷೆಗೆ ವಿರುದ್ಧವಾಗಿ ಬಂದರೆ ಅದಕ್ಕೆ ಕಾರಣವನ್ನು ಹುಡುಕುವುದೂ ವಿದ್ಯೆಯೇ.

ಪರಿಭಾಷೆಯ ವಿಷಯದಲ್ಲಿಯೂ ಭಾಷೋಪಾಧ್ಯಾಯರ ನೆರವು ಬೇಕು. ಕನ್ನಡದಲ್ಲಿ ತೂಕಡಿಕೆ, ಜೋಂಪು, ಮಂಪರು, ಅರೆನಿದ್ದೆ ಎಂದು ನಿದ್ರೆಯ ಹೊಸ್ತಿಲಿಗೇ ಇಷ್ಟು ಹೆಸರುಗಳಿವೆ. ನಸುಕು, ಮುಂಜಾವು, ಕೋಳಿ ಕೂಗುವ ಹೊತ್ತು ಎಂದು ಬೆಳಗಿಗೂ ಹಲವಿವೆ. ಜಾಗೃತ್, ಸ್ವಪ್ನ, ಸುಷುಪ್ತಿ ಎಂಬ ಮಾಂಡೂಕ್ಯೋಪನಿಷತ್ತಿನ ವಿಭಾಗವು ಹೆಸರಿಡಲು ಅನುಕೂಲವಾದರೂ ಅಲ್ಲಿಯ ವಿಷಯ ಆತ್ಮವಿಚಾರವೆಂಬುದನ್ನು ಮರೆಯಬಾರದು. ೧೯೫೯ರಲ್ಲಿ ಫ್ರಾಂಜ್ ಹಾಲ್ಬರ್ಗ್ ಕಲ್ಪಿಸಿದ ಸರ್ಕೇಡಿಯನ್ ಎಂಬ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಸುಮಾರು ಒಂದು ದಿನ’ ಎಂದು ಅರ್ಥ. ಅಹೋರಾತ್ರಲಯ ಎಂದರೆ ಹಗಲಿರುಳುಗಳೆರಡೂ ಅಡಕವಾಗುತ್ತವೆ, ಆದರೆ ‘ಸುಮಾರು’ ಎಂಬುದು ಬಿಟ್ಟುಹೋಗುತ್ತದೆ. ಗಡಿಯಾರವನ್ನು ದಿನವೂ ಬೆಳಕು ತಿದ್ದಬೇಕಾದ ಗುಟ್ಟು ಇರುವುದು ಆ ‘ಸುಮಾರಿ’ನಲ್ಲಿಯೇ. ಜೀವಲಯವೆಂಬ ಮಾತು ಸುಲಭವಾದುದು. ಲಯಕ್ಕೆ ಅಳಿವೆಂಬ ಅರ್ಥವೂ ಇರುವುದರಿಂದ, ಇಲ್ಲಿ ತಾಳಕ್ಕೆ ಸಂಬಂಧಿಸಿದ ಅರ್ಥವೇ ಗ್ರಾಹ್ಯವೆಂದು ಒಮ್ಮೆ ಹೇಳಿದರೆ ಸಾಕು.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ಈ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಅಷ್ಟು ಪ್ರಯಾಸದಿಂದ ಉಳಿದುಬಂದ ಭಾಷೆಯಲ್ಲಿ ಮಗು ತನ್ನ ದೇಹದ ವಿದ್ಯೆಯನ್ನೂ ಕಲಿಯುವಂತಾಗಬೇಕು.

೭

ಈ ಬೋಧನೆಗೆ ಮಿತಿಗಳೂ ಉಂಟು. ಒಂದೇ ಕೋಣೆಯ ಮನೆಯಲ್ಲಿ ಎಲ್ಲರೂ ಮಲಗುವವರೆಗೆ ದೀಪವಾರುವುದಿಲ್ಲ. ನಸುಕಿನಲ್ಲಿ ನೀರು ತರುವ, ದನಗಳನ್ನು ನೋಡಿಕೊಳ್ಳುವ, ತಮ್ಮತಂಗಿಯರನ್ನು ಸಂತೈಸುವ ಬಾಲಿಕೆಗೆ ಎಂಟು ಗಂಟೆ ಮಲಗೆಂದು ಹೇಳುವುದು ಸುಲಭ, ನಡೆಯಿಸುವುದು ಕಷ್ಟ. ಆದುದರಿಂದ ದಿನಚರಿಯು ದಂಡನೆಗೆ ಸಾಧನವಾಗಬಾರದು. ಅದನ್ನು ತರಗತಿಯ ಮುಂದೆ ಓದಿಸಬಾರದು. ಅದರಿಂದ ಮೊದಲು ತಿದ್ದಿಕೊಳ್ಳಬೇಕಾದುದು ಮಗುವಲ್ಲ, ಮಗುವಿನ ವೇಳೆಯನ್ನು ಗೊತ್ತುಮಾಡುವ ಹಿರಿಯರು.

ಬೇಗ ಏಳುವುದು ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ಒಂಬತ್ತಕ್ಕೆ ನಿದ್ದೆ ಹತ್ತಿ ಐದಕ್ಕೆ ತಾನಾಗಿ ಎಚ್ಚರಗೊಳ್ಳುವ ಮಗುವಿಗೆ ಬೆಳಗಿನ ಜಾವವು ಇಂದಿಗೂ ಓದಿಗೆ ಪ್ರಶಸ್ತವಾದ ಹೊತ್ತು. ಹತ್ತೂವರೆಯವರೆಗೆ ಕಣ್ಣು ಹತ್ತದ ಮಗುವಿಗೆ ಅದು ಹಾಗಲ್ಲ. ಇವೆರಡನ್ನೂ ಬೇರ್ಪಡಿಸಿ ಕಾಣಬಲ್ಲ ಉಪಾಧ್ಯಾಯನು, ಮುಂದೆ ತರಗತಿಯಲ್ಲಿ ಒಂದು ತಲೆ ಬಾಗಿದಾಗ, ಅದನ್ನು ಗದರಿಸುವುದಕ್ಕೆ ಮೊದಲು ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆಯೆಂದು ಕೇಳುವನು.